ಸೀತಾಫಲದ ಬೀಗರು

ತೆಲಸಂಗ
ಜೂನ್ ೧೪, ೨೦೨೪

ಮಗಳಂಥ ಸೊಸೆ ದೀಪಾಲಿಗೆ,

ಹಾಗಲ್ಲ ಮಗಳೇ, ಅವು ಕಚ್ಚುವ ಹುಳಗಳಲ್ಲ ಎಂದು ನಿನ್ನೆ ಹೇಳುವಷ್ಟರಲ್ಲಿ ಫೋನು ಭರತನ ಕೈಗೆ ಹೋಯಿತು. ನಿನ್ನ ಗಂಡ ಮಾತಿಗೆ ಕೂತರೆ ಅಪ್ಪನ ಪಾಳಿ ಬರುವುದಿಲ್ಲ, ಅದಕ್ಕೇ ಈ ಕಾಗದ. ಮೊದಲು ಹೇಳು, ಸೊಂಟನೋವು ಹೇಗಿದೆ? ತವರಿನ ಆ ನಿಪ್ಪಾಣಿ ಮಳೆಗಾಳಿಯಲ್ಲಿ ಕಿವಿಗೆ ಅರಿವೆ ಕಟ್ಟಿಕೊಳ್ಳುತ್ತೀಯಲ್ಲ? ಕೂಸು ಎಣ್ಣೆ ಹಚ್ಚುವಾಗ ಇನ್ನೂ ಅಳುತ್ತದೆಯೇ? ಅದರಪ್ಪನೂ ಹಾಗೇ ಇದ್ದ. ಈಗಲೂ ಎಣ್ಣೆ ಕಂಡರೆ ಓಡುತ್ತಾನೆ.

ನೀವು ಬಂದ ಮೇಲೆ ಇಲ್ಲಿ ತೊಟ್ಟಿಲು ಕಟ್ಟುವ ಕಿಟಕಿಯ ಹೊರಗೇ ಸೀತಾಫಲದ ಗಿಡ, ನಿನಗೆ ಅಂಜಿಕೆಯಾದದ್ದು ತಪ್ಪಲ್ಲ. "ಮಾವಾ, ಆ ಕರಿ ಹುಳ ಕೂಸಿನ ಕಿವ್ಯಾಗ ಹೊಕ್ರ ಏನ್ ಮಾಡೂದ್ರಿ?" ಎಂದು ಹೋದ ವಾರ ಕೇಳಿದೆ. ಭರತ ಅಂದೇ ಔಷಧದ ಪಂಪು ಇಳಿಸಿದ. ಅದರ ಮೂತಿ ಎಲ್ಲೋ ಕಳೆದಿದೆ ಎಂದು ಇನ್ನೂ ಹೊಡೆದಿಲ್ಲ. ಅಷ್ಟರಲ್ಲಿ ನಾನು ಕನ್ನಡಕ ಹಾಕಿಕೊಂಡು ಗಿಡದ ಕೆಳಗೆ ಕೂತೆ. ಎಳ್ಳುಕಾಳಿನಷ್ಟು ಜೀರುಂಡೆಗಳು. ಆ ಹೂವಿನ ದಪ್ಪ ಎಸಳು ಪೂರ್ತಿ ಬಿಚ್ಚುವುದಿಲ್ಲ, ಜೇನಿಗೆ ದಾರಿಯಿಲ್ಲ; ಇವು ನುಸುಳುತ್ತವೆ. ಒಂದೇ ಹೂವು ಮೊದಲು ಹೆಣ್ಣು, ಆಮೇಲೆ ಗಂಡು. ಗಂಡಾದ ಹೂವಿನ ಪರಾಗವನ್ನು ಇವು ಮೈಗೆ ಮೆತ್ತಿಕೊಂಡು ಹೆಣ್ಣುಹೂವಿಗೆ ಒಯ್ದರೇ ಕಾಯಿ ಕಟ್ಟುತ್ತದೆ. ಅಥಣಿ ಕಾಲೇಜಿನಲ್ಲಿ ಇದಕ್ಕೆ ಕ್ರಾಸ್ ಏನೋ ಎನ್ನುತ್ತಿದ್ದರು, ಪಾಲಿನೇಶನ್ನೋ ಎಕ್ಸಾಮಿನೇಶನ್ನೋ.

ನಿನ್ನತ್ತೆ ರುಕ್ಮವ್ವ ಮಾವಿನ ಸಿಪ್ಪೆಯನ್ನೆಲ್ಲ ಆ ಬುಡಕ್ಕೇ ಎಸೆಯುತ್ತಿದ್ದಳು. ನಾನು ಗೊಣಗಿದರೆ, "ಲಗ್ನಾ ಮಾಡ್ಸಾಕ ಬೀಗರು ಬರ್ತಾರು, ಉಪಾಸ ಕಳಸೂದೇನ್ರಿ?" ಎನ್ನುತ್ತಿದ್ದಳು. ಆಕೆ ಹೋದ ಮೇಲೆ ಸಿಪ್ಪೆ ನಾನು ಎಸೆಯುತ್ತೇನೆ. ಕೊಳೆತ ವಾಸನೆಗೆ ಬೀಗರು ತಪ್ಪದೆ ಬರುತ್ತಾರೆ. ಕರೆದು ಪಂಕ್ತಿಗೆ ಕೂರಿಸಿ ವಿಷ ಹೊಡೆಯುವುದು ಹೇಗೆ, ಮಗಳೇ? ಹೋದ ವರ್ಷ ಬಸುರಿಯಿದ್ದಾಗ ನೀನು ಮೆಟ್ಟಿಲ ಮೇಲೆ ಕೂತು, ಅನ್ನ ಒಲ್ಲೆನೆಂದು ಬರೀ ಸೀತಾಫಲ ತಿಂದು ಬೀಜ ಉಗುಳುತ್ತಿದ್ದೆಯಲ್ಲ, ಆ ಹಣ್ಣು ಇವರು ಕೂಡಿಸಿದ ಸಂಬಂಧ.

ಕಿಟಕಿಗೆ ಸಣ್ಣ ಕಣ್ಣಿನ ಜಾಳಿಗೆ ಬಡಿದಿದ್ದೇನೆ. ಹೆಬ್ಬೆರಳಿಗೂ ಒಂದೇಟು ಬಿತ್ತು. ಎಳ್ಳು ತೂರಿ ನೋಡಿದೆ, ಒಂದೂ ದಾಟಲಿಲ್ಲ. ಲುಕ್ ಬಿಫೋರ್ ಯೂ ಅಂತ ಒಂದು ಮಾತಿದೆ, ಮುಂದಿನದು ಮರೆತೆ. ಮೊದಲು ನೋಡು ಎಂಬುದಂತೂ ಅದರಲ್ಲಿದೆ. ನೀನೂ ಬಂದು ನೋಡು.

ಬೆಳಕು ಹೋಗುತ್ತಿದೆ, ಗೆರೆ ಮೇಲೆ ಗೆರೆ ಹತ್ತಿದೆಯೋ ಏನೋ. ಕೂಸಿನ ಅಂಗಾಲಿಗೆ ಅಜ್ಜನದೊಂದು ಮುತ್ತು. ನಿಮ್ಮವ್ವ, ಅಪ್ಪ, ಆ ಎರಡು ಕಾಲಿನ ಬೀಗರಿಗೂ ನನ್ನ ಶರಣು ಹೇಳು.

ನಿನ್ನ ಮಾವ,
ಮುರಗೆಪ್ಪ

ತಾ.ಕ.: ಪಂಪಿನ ಮೂತಿ ಕಳೆದಿಲ್ಲ. ಅಂಗಡಿಯಿಂದ ತಂದ ಹೊಸದು, ಪಾಕೀಟೂ ಒಡೆದಿಲ್ಲ, ಔಷಧ ಸೋಕಿಲ್ಲ. ನಿನ್ನ ಶಾವಿಗೆ ಡಬ್ಬಿಯ ತಳದಲ್ಲಿ ನಾನೇ ಇಟ್ಟಿದ್ದೇನೆ. ಹೊಡೆಯಲೇಬೇಕು ಎಂದರೆ ತೆಗೆದುಕೊಡುತ್ತೇನೆ, ಕೂಸಿಗಿಂತ ಹಣ್ಣು ದೊಡ್ಡದಲ್ಲ. ಬೇಡವೆಂದರೆ ಭರತನಿಗೆ ನೀನೇ ಹೇಳಬೇಕು, ನನ್ನ ಮಾತು ನಡೆಯುವುದಿಲ್ಲ. ಏನೇ ಆಗಲಿ ಲಗೂನ ಹೇಳು, ಅವನು ನಿನ್ನೆಯಿಂದ ಶಾವಿಗೆ ಪಾಯಸ ಮಾಡೋಣ ಎನ್ನುತ್ತಿದ್ದಾನೆ.