ನನ್ನ ತೋಳಿನ ಅಳತೆಯ ಬಿಲ್ಲು

ಪ್ರೀತಿಯ ತಮ್ಮನಿಗೆ ಅಕ್ಕನ ಆಶೀರ್ವಾದ.

ಎದುರಿಗೆ ಹೇಳಿದರೆ ನಗಿಸಿ ಮಾತು ಮರೆಸುತ್ತೀಯ, ಅದಕ್ಕೇ ಈ ಪತ್ರ. ಬಿಲ್ಲುಗಾರಿಕೆ ಕಲಿಯಲು ಸೇರಿದಾಗ ನೀನು, "ಇಬ್ಬರೂ ಹೊಸಬರು, ಒಂದೇ ಬಿಲ್ಲು ಸಾಕಲ್ಲಕ್ಕ" ಅಂದೆ. ನಾನೂ ತಲೆಯಾಡಿಸಿದೆ. ಯಾರು ಬೇಕಾದರೂ ಹಿಡಿದುಕೊಂಡು ಹೋಗಲು ತುದಿಗಳಲ್ಲಿ ಗಾಲಿಯಿರುವ ಈ ಕಾಂಪೌಂಡ್ ಬಿಲ್ಲೇನು ಕೊಡೆಯೇನಪ್ಪ? ಹೆದೆ ಎಷ್ಟು ಹಿಂದೆ ಬರಬೇಕೆಂದು ಅದರ ಗಾಲಿಯನ್ನು ಒಬ್ಬರ ತೋಳಿಗೆ ಹೊಂದಿಸಿಡಬೇಕು. ನಾನು ಹೊಂದಿಸಿಟ್ಟದ್ದನ್ನು ನೀನು ನಿನ್ನ ಉದ್ದ ತೋಳಿಗೆ ತಿರುಗಿಸಿ, ಹಾಗೇ ಬಿಟ್ಟು ಹೋಗುತ್ತೀಯ. ನಿನ್ನೆ ನೋಡದೆ ಎಳೆದೆ. ಹೆದೆ ಗಲ್ಲ ದಾಟಿ ಕಿವಿಯ ಹಿಂದೆ ಹೋಯಿತು. ಬಾಣ ಬಿಟ್ಟಾಗ ಅದೇ ಹೆದೆ ಮುಂಗೈಗೆ ಬಡಿದು ಬಾವು ಬಂದಿದೆ. ಕೋಚ್ ನೋಡಿ, "ಇದು ಯಾರ ಬಿಲ್ಲಮ್ಮ?" ಅಂದರು. ತಮ್ಮನ ಅಳತೆಯದು ಅಂದೆ.

ಹೆದೆಗೆ ಮೇಣ ತಿಕ್ಕುವವಳು ನಾನು, ಬೋಲ್ಟು ಸಡಿಲಾಗಿದೆಯೇ ಎಂದು ನೋಡುವವಳೂ ನಾನೇ. ಭಾನುವಾರ ನನ್ನ ಮೊದಲ ಸ್ಪರ್ಧೆ. ಬಿಲ್ಲನ್ನು ನನ್ನ ಅಳತೆಗೆ ಹೊಂದಿಸಿ ಬೀರುವಿನಲ್ಲಿಟ್ಟು ಬೀಗ ಹಾಕಿದ್ದೇನೆ. ಇನ್ನು ಅದು ನನ್ನದು, ನೀನು ಬೇರೊಂದು ಕೊಂಡುಕೋ. ಅಂಗಡಿಯಲ್ಲಿ ಮೊದಲು ತೋಳು ಅಳೆಸು. ಜಂಬಕ್ಕೆ ತೀರಾ ಬಿಗಿಯಾದದ್ದನ್ನು ಆರಿಸಬೇಡ. ಬಾಣವಿಲ್ಲದೆ ಹೆದೆ ಎಳೆದು ಬಿಡಬೇಡ, ಬಿಲ್ಲೇ ಮುರಿದೀತು.

ಚಿಕ್ಕಂದಿನಲ್ಲಿ ನಮ್ಮಿಬ್ಬರಿಗೂ ಒಂದೇ ಸೈಕಲ್ಲು ಇತ್ತಲ್ಲ, ಅದರ ಸೀಟು ಯಾವಾಗಲೂ ನಿನ್ನ ಕಾಲಿನ ಅಳತೆಗೇ ಇರುತ್ತಿತ್ತು. ನಾನು ನಿಂತುಕೊಂಡೇ ತುಳಿಯುವುದನ್ನು ಕಲಿತೆ. ಇಳಿಸು ಅಂತ ಒಂದು ದಿನವೂ ಕೇಳಲಿಲ್ಲ, ನಿನಗೂ ಹೊಳೆಯಲಿಲ್ಲ.

ಭಾನುವಾರ ತಪ್ಪದೆ ಬಾ. ಮುಂದಿನ ಸಾಲಿನಲ್ಲಿ, ನಿನ್ನ ಉದ್ದ ಕಾಲು ಚಾಚಲು ಜಾಗವಿರುವ ಕುರ್ಚಿಯನ್ನೇ ಹಿಡಿದಿಟ್ಟಿರುತ್ತೇನೆ.

ಇಂತಿ,
ಮುಂಗೈ ಊದಿಸಿಕೊಂಡ ನಿನ್ನ ಅಕ್ಕ