ಐದು ನಿಮಿಷದ ಕೆಲಸ

ಮಾರ್ಚ್ ೧೧, ಸೋಮವಾರ

ಪ್ರೀತಿಯ ಪುಟ್ಟಿಗೆ,

ನೀನು, ನಿನ್ನ ಯಜಮಾನರು, ಮಕ್ಕಳು ಎಲ್ಲರೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ನಿನ್ನ ಮೂರು ಪತ್ರಗಳೂ ಕೈಸೇರಿವೆ. ಉತ್ತರ ಬರೆಯದ್ದಕ್ಕೆ ಬೈಯಬೇಡ. ನಾಲ್ಕು ಸಲ ಶುರುಮಾಡಿ ಹರಿದುಹಾಕಿದೆ. ಫೋನಿನಲ್ಲಿ ನಿನ್ನ ದನಿ ಕೇಳಿದರೆ ಬೇರೇನೋ ಮಾತಾಡಿ ಇಟ್ಟುಬಿಡುತ್ತೇನೆ.

ದೊಡ್ಡಕ್ಕನ ವಿಷಯ. "ಸ್ವಲ್ಪ ಸುಸ್ತು, ಅಷ್ಟೇ" ಎಂದಿದ್ದೆನಲ್ಲ, ಅಷ್ಟೇ ಅಲ್ಲ.

ಎರಡು ವರ್ಷದ ಹಿಂದೆ, ಮುಟ್ಟು ನಿಂತು ಬಹಳ ದಿನವಾದ ಮೇಲೆ, ಅವಳಿಗೆ ಮತ್ತೆ ರಕ್ತ ಕಾಣಿಸಿಕೊಂಡಿತ್ತು. ಡ್ರೈವರ್ ಸೀಟಿನ ಮೇಲೆ ಟವೆಲ್ ಮಡಿಸಿ ಹಾಕಿಕೊಂಡು ಮೂರು ತಿಂಗಳು ಬಸ್ಸು ಓಡಿಸಿದ್ದಳು, ಪುಣ್ಯಾತ್ಗಿತ್ತಿ. ಗೊತ್ತಾದ ದಿನವೇ ನಮ್ಮ ಆಸ್ಪತ್ರೆಗೆ ಎಳೆದುಕೊಂಡು ಬಂದೆ. ಆಗಿದ್ದ ಹಿರಿಯ ಡಾಕ್ಟರು ನೋಡಿ, "ಗರ್ಭಕೋಶದ ಬಾಯಲ್ಲಿ ಒಂದು ಪಾಲಿಪ್ ಇದೆಯಮ್ಮ. ದುರ್ಮಾಂಸ ಅಂತಾರಲ್ಲ, ಅದು. ಐದು ನಿಮಿಷದ ಕೆಲಸ" ಎಂದರು. ಮಲಗಿದ್ದಲ್ಲಿಂದಲೇ ಅಕ್ಕ, "ಟಿಕೆಟ್ ತಗೊಳ್ದೆ ಹತ್ಕೊಂಡಿರೋನು. ಮುಂದಿನ ಸ್ಟಾಪಲ್ಲಿ ಇಳಿಸ್ಬಿಡಿ ಡಾಕ್ಟ್ರೇ" ಎಂದಳು. ಅವರು ನಕ್ಕು ನಕ್ಕು ಕೈ ಹಿಂದಕ್ಕೆ ತೆಗೆದುಕೊಳ್ಳಬೇಕಾಯಿತು. ಇಕ್ಕಳ ಕೊಟ್ಟವಳು ನಾನೇ. ತೊಟ್ಟು ಹಿಡಿದು ಮೂರು ಸುತ್ತು ತಿರುವಿದರು, ಬಂದುಬಿಟ್ಟಿತು. ದಾಳಿಂಬೆ ಕಾಳಿನಷ್ಟಿತ್ತು. "ಇಷ್ಟೇನಾ?" ಎಂದು ಅಕ್ಕ ಎದ್ದು ಕುಳಿತಳು. ನರ್ಸಾಗಿ ಹತ್ತೊಂಬತ್ತು ವರ್ಷದಲ್ಲಿ ಇಂಥವು ಎಷ್ಟು ನೋಡಿದ್ದೇನೋ. ಬಹುಪಾಲು ಏನೂ ಮಾಡುವುದಿಲ್ಲ.

ಕಳೆದ ವರ್ಷ ಮತ್ತೆ ಶುರುವಾಯಿತಂತೆ. ನನಗೆ ಹೇಳಲಿಲ್ಲ. "ಅದೇ ಗಿರಾಕಿ ವಾಪಸ್ ಬಂದಿರ್ತಾನೆ, ರಜ ಸಿಕ್ಕಾಗ ತೆಗೆಸ್ಕೊಂಡ್ರಾಯ್ತು ಅಂದ್ಕೊಂಡೆ ಕಣೇ" ಎಂದು ಆಮೇಲೆ ಹೇಳಿದಳು. ಜನವರಿಯಲ್ಲಿ ಒಂದು ಮಧ್ಯಾಹ್ನ ಡಿಪೋದಲ್ಲಿ ಬಸ್ಸಿನ ಮೆಟ್ಟಿಲು ಇಳಿಯಲಾರದೆ ಕುಸಿದಳು. ಅವಳ ಕಂಡಕ್ಟರಮ್ಮ ನನಗೆ ಫೋನ್ ಮಾಡಿದಳು.

ಈಗಿರುವ ಡಾಕ್ಟರಮ್ಮ ಪರೀಕ್ಷೆ ಮಾಡುವಾಗ ನಾನು ಅದೇ ಇಕ್ಕಳ ಹಿಡಿದು ಪಕ್ಕದಲ್ಲಿದ್ದೆ. ಅವರು ಬಹಳ ಹೊತ್ತು ನೋಡಿದರು. ಕೈ ಚಾಚಲಿಲ್ಲ. "ತಿರುವಿ ತೆಗೆಯೋದಲ್ಲ ಇದು. ಒಂದು ಚೂರು ಮಾತ್ರ ತಗೋತೀನಿ. ಸಿಸ್ಟರ್, ನೀವು ಹೊರಗಿರಿ" ಎಂದರು. ಅಷ್ಟು ಹೊತ್ತಿಗೆ ನನಗೆ ಅರ್ಥವಾಗಿತ್ತು. "ಏನೇ, ಈ ಸಲ ಇಬ್ಬರು ಹತ್ಕೊಂಡಿದಾರಾ?" ಎಂದಳು ಅಕ್ಕ. ನಾನು ಇಕ್ಕಳ ಟ್ರೇಯಲ್ಲಿಟ್ಟು ಹೊರಗೆ ಬಂದೆ.

ಒಂಬತ್ತು ದಿನಕ್ಕೆ ವರದಿ ಬಂತು. ಕ್ಯಾನ್ಸರ್. ಮೂತ್ರಕೋಶಕ್ಕೆ ಹಬ್ಬಿದೆ, ಮೂತ್ರ ಇಳಿಯದೆ ಒಂದು ಕಿಡ್ನಿ ಆಗಲೇ ಕಟ್ಟಿಕೊಂಡಿದೆ. "ಆಪರೇಷನ್ ಮಾಡೋ ಹಂತ ದಾಟಿದೆ. ನೋವು, ರಕ್ತ ಕಡಿಮೆಯಾಗೋಕೆ ರೇಡಿಯೇಷನ್ ಕೊಡ್ತೀವಿ" ಎಂದರು. "ಎಷ್ಟು ದಿನ ಮೇಡಂ?" ಎಂದೆ. "ನಿಮಗೆ ಗೊತ್ತಿಲ್ದೇ ಇರೋದೇನಿದೆ ಸಿಸ್ಟರ್" ಎಂದು ಕನ್ನಡಕ ತೆಗೆದು ಒರೆಸಿಕೊಂಡರು.

ಈಗ ನಮ್ಮ ಮನೆಯ ಮುಂದಿನ ಕೋಣೆಯಲ್ಲೇ ಮಲಗಿದ್ದಾಳೆ. ರಸ್ತೆಯಲ್ಲಿ ಬಸ್ಸು ಹೋದರೆ ಕಣ್ಣು ಮುಚ್ಚಿಕೊಂಡೇ, "ಗೇರು ಸರಿ ಬೀಳ್ತಿಲ್ಲ ಅವನಿಗೆ" ಎನ್ನುತ್ತಾಳೆ. ಬಟ್ಟೆ ಎಷ್ಟು ಬದಲಾಯಿಸಿದರೂ ವಾಸನೆ ಹೋಗುವುದಿಲ್ಲ. ಯಾರಾದರೂ ನೋಡಲು ಬಂದರೆ ಮೊದಲು ಕಿಟಕಿ ತೆಗೆಸುತ್ತಾಳೆ. ರೇಡಿಯೇಷನ್ನಿನಿಂದ ರಕ್ತ ಕಡಿಮೆಯಾಗಿದೆ, ನೋವು ತಗ್ಗಿಲ್ಲ. ಅಮ್ಮ ಹೋದಾಗ ನಿನಗೆ ಆರು ವರ್ಷ, ನನಗೆ ಹನ್ನೊಂದು. ನಮ್ಮಿಬ್ಬರ ತಲೆ ಬಾಚಿ, ಶಾಲೆಗೆ ಬಿಟ್ಟು, ಕೆಲಸಕ್ಕೆ ಓಡುತ್ತಿದ್ದವಳು. ಈಗ ಅವಳ ತಲೆ ನಾನು ಬಾಚುತ್ತೇನೆ.

ಬಂದವರಿಗೆಲ್ಲ, "ನನ್ನ ತಂಗಿ ನರ್ಸು. ಅವಳಿರುವಾಗ ನಂಗೇನು ಭಯ" ಎನ್ನುತ್ತಾಳೆ. ಮೊನ್ನೆ ನನ್ನ ಕೈ ಹಿಡಿದು, "ನಾನೇ ತಡ ಮಾಡ್ಕೊಂಡೆ ಕಣೇ. ನೀನು ತಲೆಗೆ ಹಚ್ಕೋಬೇಡ" ಎಂದಳು. ನಾನು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಂತೆ.

ಮಕ್ಕಳ ಪರೀಕ್ಷೆ ಮುಗಿಯಲಿ ಎಂದು ಕಾಯಬೇಡ. ಈ ವಾರವೇ ಹೊರಡು. ನಿನಗೂ ಮಕ್ಕಳಿಗೂ ಒಳ್ಳೆಯದಾಗಲಿ. ದೊಡ್ಡಕ್ಕನೂ ನಿಮಗೆಲ್ಲ ಆಶೀರ್ವಾದ ಹೇಳಿದ್ದಾಳೆ.

ಇಂತಿ,
ನಿನ್ನ ಸಣ್ಣಕ್ಕ

ತಾ.ಕ.: ಎರಡು ವರ್ಷದ ಹಿಂದೆ ತೆಗೆದದ್ದನ್ನು ಡಾಕ್ಟರು ನನ್ನ ಕೈಗೆ ಕೊಟ್ಟು, "ಲ್ಯಾಬಿಗೆ ಕಳಿಸಿ" ಎಂದಿದ್ದರು. ಎಷ್ಟೇ ಚಿಕ್ಕದಿರಲಿ, ಕಳಿಸಲೇಬೇಕು. ಹೊಸದಾಗಿ ಸೇರಿದವರಿಗೆ ನಾನೇ ಇದನ್ನು ಹೇಳಿಕೊಡುತ್ತೇನೆ. ಅಂದು ಶನಿವಾರ, ಲ್ಯಾಬ್ ಮುಚ್ಚಿತ್ತು. ಅದನ್ನು ಬಾಟಲಿಗೆ ಹಾಕಿ, ಹೆಸರಿನ ಚೀಟಿ ಅಂಟಿಸದೆ ಕಪಾಟಿನಲ್ಲಿಟ್ಟು ಮನೆಗೆ ಹೋದೆ. ಸೋಮವಾರ ನೋಡಿದರೆ ಇಲ್ಲ, ಶುಚಿ ಮಾಡುವವರು ಎಸೆದಿದ್ದರು. ಡಾಕ್ಟರು ಆ ತಿಂಗಳೇ ನಿವೃತ್ತರಾದರು. ಯಾರೂ ಕೇಳಲಿಲ್ಲ, ಅಕ್ಕ ಒಬ್ಬಳು ಕೇಳಿದಳು. ಫೋನ್ ಮಾಡಿ, "ರಿಪೋರ್ಟ್ ಬಂತೇನೇ?" ಎಂದಳು. "ಬಂತು. ಏನೂ ಇಲ್ಲ, ಆರಾಮಾಗಿರು" ಎಂದೆ. ಆರಾಮಾಗಿಯೇ ಇದ್ದಳು, ಪುಟ್ಟಿ. ಅದರೊಳಗೆ ಆಗಲೇ ಏನಾದರೂ ಇತ್ತೋ ಇಲ್ಲವೋ, ಇನ್ನು ಯಾರಿಗೂ ಗೊತ್ತಾಗುವಂತಿಲ್ಲ. ಅವಳಿಗೆ ನಾನು ಹೇಳಿಲ್ಲ. ಇದನ್ನು ಓದಿದ ಮೇಲೆ ನನ್ನ ಮುಖ ನೋಡಬೇಕೆನಿಸದಿದ್ದರೂ ನಮ್ಮ ಮನೆಗೇ ಬಾ. ಅವಳು ಇಲ್ಲಿದ್ದಾಳೆ.