ಉಮ್ಮ, ಅದು ಪ್ರಾಯ ಆಗಿರಲಿಲ್ಲ

ಉಮ್ಮಾ, ಸಲಾಂ.

ನಿನ್ನ ಮಯ್ಯತ್ ಎತ್ತುವ ಮೊದಲೇ ಅಂಗಳದಲ್ಲಿ ಯಾರೋ ಅಂದರು, "ಪ್ರಾಯ ಆಗಿತ್ತಲ್ಲ." ಸಾವಿನ ಮನೆಯಲ್ಲಿ ಜಗಳ ಬೇಡವೆಂದು ನಾನು ಒಳಗೆ ಹೋದೆ. ಇನ್ನು ಸುಮ್ಮನಿರುವುದಿಲ್ಲ. ನಿನ್ನ ಹೃದಯ ನಿಂತದ್ದು ಬೇರೆ. ಆದರೆ ಅದಕ್ಕೂ ಮೊದಲು ಕಾಲು ಸೋತದ್ದಕ್ಕೂ ಪ್ರಾಯವನ್ನೇ ಕಾರಣ ಹೇಳಿದವರಿದ್ದಾರಲ್ಲ, ಅವರನ್ನು...

ಮೆಲ್ಕಾರಿನ ಮನೆಯಲ್ಲಿ ಒಂದು ಸಂಜೆ, ನಮಾಝಿನಲ್ಲಿ ನೆಲಕ್ಕೆ ಹಣೆ ಇಟ್ಟ ನೀನು ಏಳಲಾಗದೆ ಚಾಪೆಯ ಮೇಲೆಯೇ ಉಳಿದೆ. ಸೌದಿಯ ದಮ್ಮಾಮಿನಿಂದ ಅಣ್ಣ ಫೋನಿನಲ್ಲಿ, "ಕುರ್ಚಿಯಲ್ಲಿ ಕೂತು ಮಾಡಲಿ, ಅನುಮತಿ ಉಂಟಲ್ಲ" ಎಂದ. ನೀನು ನನ್ನ ಕೈಯಿಂದ ರಿಸೀವರ್ ಕಿತ್ತುಕೊಂಡೆ. "ಅನುಮತಿ ಇರುವುದು ಆಗದವರಿಗೆ ಮಗಾ. ನನಗೆ ಯಾಕೆ ಆಗುವುದಿಲ್ಲ ಅಂತ ಯಾರಾದರೂ ಮೊದಲು ಹೇಳಲಿ!"

ಬಂಟ್ವಾಳದ ಡಾಕ್ಟರು ರಕ್ತದ ರಿಪೋರ್ಟು ನೋಡಿ, "ಶುಗರ್ ಇಲ್ಲ, ರಕ್ತ ಕಡಿಮೆ ಇಲ್ಲ. ಎಲ್ಲ ಸರಿ ಉಂಟು. ಪ್ರಾಯ ಅಲ್ವಾ" ಎಂದರು. "ಪ್ರಾಯ ಕಾಲಿಗೆ ಮಾತ್ರ ಬಂದದ್ದಾ ಡಾಕ್ಟ್ರೇ? ನಾಲಗೆಗೆ ಬರಲಿಲ್ಲವಲ್ಲ!" ಎಂದೆ ನೀನು. ಹೊರಗೆ ಕಾದಿದ್ದವರೂ ನಕ್ಕರು. ನಾನು ಮಾತ್ರ, ಯಾವ ಯಾವ ಪರೀಕ್ಷೆ ಮಾಡಿಲ್ಲ ಎಂದು ಕೇಳಿದೆ. ಡಾಕ್ಟರಿಗೆ ಸಿಟ್ಟು ಬಂತು. ರಿಕ್ಷಾದಲ್ಲಿ ನೀನು ತಮಾಷೆ ಮಾಡಿದೆ: "ಯಾವುದೋ ದೇಶದ ಪತ್ತೇದಾರಿ ಕಥೆಗಳನ್ನು ಕನ್ನಡದಲ್ಲಿ ಓದಿ ಓದಿ ನಿನಗೆ ಎಲ್ಲರ ಮೇಲೂ ಸಂಶಯ ಮಾರಾಯ್ತಿ."

ಮೂಡುಬಿದಿರೆಯ ಆ ಹುಡುಗಿ ಡಾಕ್ಟರು ನೆನಪಿದ್ದಾಳಾ? ರಿಪೋರ್ಟನ್ನು ಬದಿಗಿಟ್ಟು, "ಕೈ ಎದೆಗೆ ಕಟ್ಟಿ ಸ್ಟೂಲಿನಿಂದ ಏಳಿ ನೋಡುವ" ಎಂದಳು. ನಿನಗೆ ಆಗಲಿಲ್ಲ. "ಬಿಸಿಲಿಗೆ ಹೋಗ್ತೀರಾ ಉಮ್ಮ?" ವರ್ಷಗಟ್ಟಲೆ ಒಳಗೆ ಕೂತು ಬೀಡಿ ಕಟ್ಟಿದವಳು ನೀನು. ರಕ್ತದ ಮಾದರಿ ಮುಂಬೈಯ ಲ್ಯಾಬಿಗೆ ಹೋಯಿತು. ವಿಟಮಿನ್ ಡಿ ತಳ ಸೇರಿತ್ತು. ಮದ್ದು, ಬೆಳಗಿನ ಬಿಸಿಲು, ಗೊಣಗುತ್ತಲೇ ಸ್ಟೂಲಿನಿಂದ ಎದ್ದು ಮತ್ತೆ ಕೂರುವ ಅಭ್ಯಾಸ. ಮುಂದಿನ ರಂಝಾನಿನಲ್ಲಿ ನೀನು ಏನನ್ನೂ ಹಿಡಿಯದೆ ಚಾಪೆಯಿಂದ ಎದ್ದೆ. ಬಾಗಿಲಲ್ಲಿ ನಿಂತಿದ್ದ ನನಗೆ, "ಏನು ನೋಡ್ತೀ, ಗಂಜಿಗೆ ನೀರಿಡು" ಎಂದೆ.

ಈಗ ನಿನಗೆ ಗೊತ್ತಿಲ್ಲದ ಸುದ್ದಿ. ಕಳೆದ ತಿಂಗಳು ಪಕ್ಕದ ಮನೆಯ ಕಮಲಕ್ಕನಿಗೆ ಬಸ್ಸಿನ ಮೆಟ್ಟಿಲು ಹತ್ತಲಾಗಲಿಲ್ಲ. "ಪ್ರಾಯದವರು ಮನೆಯಲ್ಲಿ ಕೂರುವುದಲ್ವಾ ಅಕ್ಕಾ?" ಎಂದ ಕಂಡಕ್ಟರ್. ನಾನು ಹಿಂದಿನಿಂದ ಹಿಡಿದು ಹತ್ತಿಸಿ, ಅದೇ ಬಸ್ಸಿನಲ್ಲಿ ಮೂಡುಬಿದಿರೆಗೆ, ಆ ಹುಡುಗಿ ಡಾಕ್ಟರ ಹತ್ತಿರ ಕರೆದೊಯ್ದೆ. ಅವರ ರಕ್ತದಲ್ಲಿ ಸಿಕ್ಕಿದ ಕಾರಣ ಬೇರೆಯೇ, ಥೈರಾಯ್ಡ್. ಕಂಡೆಯಾ ಉಮ್ಮ, ಪ್ರಾಯ ಎಂಬ ಒಂದು ಮಾತಿನ ಅಡಿಯಲ್ಲಿ ಏನೇನು ಮುಚ್ಚಿಹೋಗಿರುತ್ತದೆ? ಎಲ್ಲರ ರಕ್ತದಲ್ಲೂ ಉತ್ತರ ಸಿಗಲಿಕ್ಕಿಲ್ಲ, ಗೊತ್ತು. ಕೆಲವರಿಗೆ ನಿಜವಾಗಿಯೂ ಪ್ರಾಯವೇ ಇರಬಹುದು. ಹುಡುಕಿದ ಮೇಲೆ ಹೇಳಲಿ.

ಸೋಮವಾರ ಕಮಲಕ್ಕನ ಅತ್ತಿಗೆಯನ್ನೂ ಅಲ್ಲಿಗೆ ಕರೆದೊಯ್ಯುತ್ತಿದ್ದೇನೆ. ಅತ್ತಿಗೆಯ ಮಗ ಬೇಡ ಎಂದಿದ್ದಾನೆ. ಅತ್ತಿಗೆ ಆಗಲೇ ಸೀರೆ ಇಸ್ತ್ರಿ ಮಾಡಿಸಿಟ್ಟಿದ್ದಾರೆ.

ನಿನ್ನ ಝೊಹರಾ